ಹೊಸ ಹಿತ್ತಾಳೆಯ ಹದ

ರೈಫಲ್ ತೋಟಾದ ಹೊಸ ಹಿತ್ತಾಳೆ ಕವಚಗಳ ಪೆಟ್ಟಿಗೆ ಬಿಚ್ಚಿದರೆ, ಕೆಲವು ಕಂಪನಿಗಳ ಮಾಲಿನಲ್ಲಿ ಒಂದು ಗುರುತು ಕಾಣುತ್ತದೆ. ಬುಡ ಮತ್ತು ಒಡಲು ಫಳಫಳ ಹೊಳೆಯುತ್ತಿದ್ದರೆ ಹೆಗಲಿನಿಂದ ಮೇಲೆ, ಕುತ್ತಿಗೆಯ ಸುತ್ತ ಮಾತ್ರ ನೀಲಿ ಬೆರೆತ ಕಂದು ಮಬ್ಬು. ಮೊದಲ ಸಲ ನೋಡಿದವರಿಗೆ ಇದು ಹಳೆಯ ಸರಕೇ ಎಂಬ ಅನುಮಾನ ಬರುತ್ತದೆ. ಫಿನ್‌ಲೆಂಡಿನ ಲಾಪುವಾ ಕಂಪನಿ ಆ ಮಬ್ಬನ್ನು ಉಜ್ಜಿ ತೆಗೆಯದೆ ಹಾಗೆಯೇ ಮಾರುತ್ತದೆ. ಅಮೆರಿಕದ ಸೇನೆಯ ತೋಟಾಗಳಲ್ಲೂ ಅದು ಉಳಿದಿರುತ್ತದೆ. ನನಗಂತೂ ಬುಡದ ಮೇಲೆ ಒತ್ತಿದ ಕಂಪನಿಯ ಹೆಸರಿಗಿಂತ ಈ ಮಬ್ಬಿನ ಮೇಲೆಯೇ ಹೆಚ್ಚು ನಂಬಿಕೆ.

ಕವಚದ ಹಿತ್ತಾಳೆಯಲ್ಲಿ 70 ಪಾಲು ತಾಮ್ರ, 30 ಪಾಲು ಸತು. ದಪ್ಪ ತಗಡಿನಿಂದ ಬಿಲ್ಲೆ ಕತ್ತರಿಸಿ, ಬಟ್ಟಲಿನಂತೆ ಒತ್ತಿ, ಅದನ್ನು ಅಚ್ಚಿನೊಳಗೆ ಮತ್ತೆ ಮತ್ತೆ ಎಳೆದು ಉದ್ದನೆಯ ಕೊಳವೆ ಮಾಡುತ್ತಾರೆ. ಹಿತ್ತಾಳೆಯ ಸ್ವಭಾವವೆಂದರೆ, ಎಳೆದಷ್ಟೂ ಬಡಿದಷ್ಟೂ ಗಡುಸಾಗುವುದು. ಕೊಡ ಬಡಿಯುವ ಕಂಚುಗಾರ ನಡುನಡುವೆ ಅದನ್ನು ಕುಲುಮೆಗಿಟ್ಟು ಕಾಯಿಸುವುದು ಇದಕ್ಕೇ. ಕಾಯಿಸದೆ ಬಡಿಯುತ್ತಲೇ ಹೋದರೆ ಲೋಹ ಸೀಳುತ್ತದೆ. ತೋಟಾ ಕಾರ್ಖಾನೆಯಲ್ಲೂ ಪ್ರತಿ ಎಳೆತದ ನಡುವೆ ಕಾಯಿಸುತ್ತಾರೆ. ಕೊನೆಗೆ ಹೆಗಲು, ಕುತ್ತಿಗೆ ಮೂಡಿಸುವಾಗ ಲೋಹ ಮತ್ತೆ ಬಿಗಿಯುವುದರಿಂದ ಆ ಭಾಗವನ್ನಷ್ಟೇ ಇನ್ನೊಮ್ಮೆ ಬೆಂಕಿಗೆ ತೋರಿಸಿ ಮೆದುಮಾಡುತ್ತಾರೆ. ಮಬ್ಬು ಅದರ ಗುರುತು.

ಈ ಬಿಗಿತ ಒಳಗೇ ಉಳಿದರೆ ಏನಾಗುತ್ತದೆ ಎಂಬ ಪಾಠವನ್ನು ಜಗತ್ತು ಕಲಿತದ್ದು ನಮ್ಮ ನೆಲದ ಮಳೆಗಾಲದಲ್ಲಿ. ಭಾರತದಲ್ಲಿದ್ದ ಬ್ರಿಟಿಷ್ ಸೇನೆ ಮಳೆಗಾಲದಲ್ಲಿ ತೋಟಾಗಳನ್ನು ಕುದುರೆ ಲಾಯಗಳಲ್ಲಿ ಕೂಡಿಡುತ್ತಿತ್ತು. ಮಳೆ ನಿಂತ ಮೇಲೆ ತೆಗೆದು ನೋಡಿದರೆ, ಯಾರೂ ಮುಟ್ಟದ, ಒಂದು ಪೆಟ್ಟೂ ಬೀಳದ ಕವಚಗಳು ಸೀಳಿರುತ್ತಿದ್ದವು. ಅದರಲ್ಲೂ ಗುಂಡನ್ನು ಕಚ್ಚಿ ಹಿಡಿದ ಕುತ್ತಿಗೆಯಲ್ಲೇ ಸೀಳು ಹೆಚ್ಚು. ಕಾರಣ ಬಿಡಿಸಿ ಹೇಳಿದವರು ಮೂರ್, ಬೆಕಿನ್‌ಸೇಲ್ ಮತ್ತು ಮ್ಯಾಲಿನ್‌ಸನ್ ಎಂಬ ಸಂಶೋಧಕರು, 1921ರಲ್ಲಿ. ಕುದುರೆಯ ಗಂಜಲದಿಂದ ಏಳುವ ಅಮೋನಿಯಾ, ಗಾಳಿಯ ತೇವ, ಲೋಹದೊಳಗೆ ಉಳಿದ ಬಿಗಿತ ಈ ಮೂರೂ ಕೂಡಿದಾಗ ಹಿತ್ತಾಳೆಯ ಹರಳುಗಳ ನಡುವಿನ ಗಡಿಯಲ್ಲಿ ಬಿರುಕು ಹರಿಯುತ್ತದೆ. ಬಿಗಿತ ಕಳೆಯುವಷ್ಟು ಕಾಯಿಸಿದರೆ ಆ ರೋಗವಿಲ್ಲ. ಅಮೋನಿಯಾ ಇರುವ ಪಾಲಿಶನ್ನು ಕವಚಕ್ಕೆ ತಾಗಿಸಬೇಡಿ ಎಂದು ಗುರಿಕಾರರು ಇಂದಿಗೂ ಎಚ್ಚರಿಸುವುದರ ಹಿಂದೆ ಇರುವುದು ಇದೇ ವಿಜ್ಞಾನ.

ತೋಟಾವನ್ನು ಮನೆಯಲ್ಲೇ ತುಂಬಿಕೊಳ್ಳುವ ಹವ್ಯಾಸ ಬೇರುಬಿಟ್ಟದ್ದು ಅಮೆರಿಕದಲ್ಲಿ. ಅದಕ್ಕೆ ನೆರವಾದದ್ದು ಬುಡದ ಕೇಪಿನ ರಚನೆ. 1866ರಲ್ಲಿ ಬ್ರಿಟನ್ನಿನ ಎಡ್ವರ್ಡ್ ಬಾಕ್ಸರ್ ಮತ್ತು ಅಮೆರಿಕದ ಹೈರಮ್ ಬರ್ಡನ್ ಬೇರೆ ಬೇರೆ ಬಗೆಯ ಕೇಪುಗಳಿಗೆ ಪೇಟೆಂಟ್ ಪಡೆದರು. ಬರ್ಡನ್ ಬಗೆಯಲ್ಲಿ ಕಿಡಿ ಹಾಯಲು ಸಾಮಾನ್ಯವಾಗಿ ಎರಡು ಸಣ್ಣ ತೂತು, ಬಾಕ್ಸರ್ ಬಗೆಯಲ್ಲಿ ನಟ್ಟನಡುವೆ ಒಂದೇ ತೂತು. ಒಂದೇ ಇದ್ದರೆ ಬಾಯಿಯ ಕಡೆಯಿಂದ ಸೂಜಿ ತೂರಿಸಿ ಹಳೆಯ ಕೇಪನ್ನು ಸಲೀಸಾಗಿ ಹೊರತಳ್ಳಬಹುದು. ವಿಚಿತ್ರವೆಂದರೆ ಬ್ರಿಟಿಷನ ಕೇಪು ಅಮೆರಿಕದಲ್ಲಿ ನೆಲೆಯಾಯಿತು, ಅಮೆರಿಕನ್ನನದು ಯುರೋಪಿನಲ್ಲಿ. ಎರಡನೇ ಮಹಾಯುದ್ಧದ ಹೊತ್ತಿಗೆ ಪೇಟೆಯಲ್ಲಿ ಗುಂಡು ಸಿಗದಾದಾಗ ಕ್ಯಾಲಿಫೋರ್ನಿಯಾದ ಫ್ರೆಡ್ ಹಂಟಿಂಗ್ಟನ್ ಗುಂಡು ಒತ್ತುವ ಅಚ್ಚು ತಯಾರಿಸಿದ. ಇಂದು ಹವ್ಯಾಸಿಗಳ ಮೇಜಿನ ಮೇಲೆ ಕಾಣುವ ಆರ್‌ಸಿಬಿಎಸ್ ಉಪಕರಣಗಳು ಹುಟ್ಟಿದ್ದು ಅಲ್ಲಿಂದ.

ಕವಚ ಹೊಸದು ಎಂದ ಮಾತ್ರಕ್ಕೆ ಅದು ತುಂಬಲು ಸಿದ್ಧವಾಗಿರುವುದಿಲ್ಲ. ಒಟ್ಟಿಗೆ ಸಾಗಿ ಬರುವಾಗ ಒಂದಕ್ಕೊಂದು ತಾಗಿ ಬಾಯಿ ನೆಗ್ಗಿರುತ್ತದೆ. ಮೊದಲ ಕೆಲಸ ಅದನ್ನು ದುಂಡಗೆ ಮಾಡುವುದು. ಕುತ್ತಿಗೆಯ ಒಳಗೆ ಜಾರುಪುಡಿ ಸವರಿ, ನುಣುಪಾದ ಉಕ್ಕಿನ ಕಡ್ಡಿಯನ್ನು ಹಾಯಿಸುತ್ತಾರೆ. ಪ್ರಸಿದ್ಧ .308 ವಿಂಚೆಸ್ಟರ್ ತೋಟಾದ ಗುಂಡಿನ ವ್ಯಾಸ 7.82 ಮಿ.ಮೀ.; ಕುತ್ತಿಗೆಯ ಒಳಸುತ್ತು ಅದಕ್ಕಿಂತ ಸುಮಾರು 0.05 ಮಿ.ಮೀ. ಕಿರಿದಾಗಿದ್ದರೆ ಹಿಡಿತ ಸಾಕು. ಹಿಡಿತ ಎಷ್ಟಿದೆ ಎನ್ನುವುದಕ್ಕಿಂತ ಎಲ್ಲ ಕವಚಗಳಲ್ಲೂ ಒಂದೇ ಸಮ ಇದೆಯೇ ಎನ್ನುವುದು ಮುಖ್ಯ. ಒಂದು ಕುತ್ತಿಗೆ ಬಿಗಿ, ಇನ್ನೊಂದು ಸಡಿಲವಾದರೆ ಗುಂಡಿನ ವೇಗ ಏರುಪೇರಾಗುತ್ತದೆ, ದೂರದ ಗುರಿಹಲಗೆಯ ಮೇಲೆ ತೂತುಗಳು ಮೇಲೆ ಕೆಳಗೆ ಚದುರುತ್ತವೆ.

ಆಮೇಲೆ ಉದ್ದ. .308ರ ಕವಚ 51.18 ಮಿ.ಮೀ. ಮೀರುವಂತಿಲ್ಲ. ಮೀರಿದರೆ ನಳಿಗೆಯ ಆರಂಭದ ಇಕ್ಕಟ್ಟಿಗೆ ಬಾಯಿ ಸಿಕ್ಕಿ, ಗುಂಡನ್ನು ಬಿಡಲೊಲ್ಲದೆ, ಒತ್ತಡ ಅಪಾಯದ ಮಟ್ಟಕ್ಕೆ ಏರಬಹುದು. ಹಾಗಾಗಿ ಎಲ್ಲವನ್ನೂ ಕಾಲು ಮಿಲಿಮೀಟರಿನಷ್ಟು ಕಡಿಮೆಗೆ ಸಮನಾಗಿ ಕತ್ತರಿಸುತ್ತಾರೆ. ಕತ್ತರಿಸಿದ ಅಂಚನ್ನು ಒಳಗೂ ಹೊರಗೂ ಕೆರೆದು ನಯಗೊಳಿಸದಿದ್ದರೆ, ಗುಂಡು ಕೂರಿಸುವಾಗ ಅದರ ತಾಮ್ರದ ಹೊದಿಕೆ ಸುಲಿಯುತ್ತದೆ. ಕಿಡಿತೂತಿನ ಒಳಅಂಚಿನಲ್ಲಿ ಉಳಿದ ಲೋಹದ ಸಿಬಿರನ್ನು ಕವಚದ ಆಯುಷ್ಯದಲ್ಲಿ ಒಂದೇ ಸಲ ಕೆರೆದರೆ ಸಾಕು. ಆ ಒಂದು ಸಲದ ಶ್ರಮ ಸಾರ್ಥಕ ಎಂದೇ ನನ್ನ ಅಭಿಪ್ರಾಯ. ಕವಚಗಳನ್ನು ತೂಗಿ ವಿಂಗಡಿಸುವ ಪದ್ಧತಿಯ ಬಗ್ಗೆ ನನಗೆ ಅಷ್ಟು ನಂಬಿಕೆಯಿಲ್ಲ. ತೂಕದ ವ್ಯತ್ಯಾಸ ಬುಡದ ಅಂಚಿನಲ್ಲಿದ್ದರೆ ಮದ್ದು ತುಂಬುವ ಒಳಜಾಗದ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ.

ಈ ಕೆಲಸ ಇಲ್ಲಿ ಯಾರು ಬೇಕಾದರೂ ಕೈಹಾಕುವಂಥದ್ದಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಮದ್ದುಗುಂಡು ತಯಾರಿಕೆಗೆ ಪರವಾನಗಿ ಬೇಕೇ ಬೇಕು. ಕೊಡವರಿಗೂ ಕೊಡಗಿನ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ, ತೋಟಾ ತಯಾರಿಸುವುದಕ್ಕಲ್ಲ.

ಮೊದಲ ಗುಂಡು ಹಾರಿದಾಗ ಕವಚ ಹಿಗ್ಗಿ ಆ ರೈಫಲ್ಲಿನ ಗೂಡಿನ ಅಳತೆಗೆ ಕೂರುತ್ತದೆ, ಒಡನೆಯೇ ಕೂದಲೆಳೆಯಷ್ಟು ಹಿಂದೆ ಸರಿಯುತ್ತದೆ. ಹಿಗ್ಗಿ ಅನಿಲವನ್ನು ತಡೆಯುವುದು, ಕುಗ್ಗಿ ಸುಲಭವಾಗಿ ಹೊರಬರುವುದು ಎರಡೂ ಬೇಕಾದ್ದರಿಂದಲೇ ಹಿತ್ತಾಳೆಗೆ ಈ ಮರ್ಯಾದೆ. .308ರಲ್ಲಿ ಒತ್ತಡದ ಮಿತಿ 4,150 ಬಾರ್, ಅಂದರೆ ವಾತಾವರಣದ ಒತ್ತಡದ ನಾಲ್ಕು ಸಾವಿರ ಪಟ್ಟಿಗೂ ಮಿಗಿಲು. ಅದನ್ನು ತಾಳಿಕೊಳ್ಳುವ ಬುಡ ಗಡುಸಾಗಿಯೇ ಇರಬೇಕು, ಅದನ್ನೆಂದೂ ಕಾಯಿಸಕೂಡದು. ಕುತ್ತಿಗೆ ಮಾತ್ರ ಪ್ರತಿ ಬಳಕೆಯಲ್ಲೂ ಬಿಗಿಯುತ್ತ ಹೋಗುವುದರಿಂದ ಕೆಲವು ಸುತ್ತುಗಳಿಗೊಮ್ಮೆ ಅದಕ್ಕಷ್ಟೇ ಕೆಲವು ಸೆಕೆಂಡು ಶಾಖ ಕೊಡುತ್ತಾರೆ. ಬುಡದ ತುಸು ಮೇಲೆ ಸುತ್ತಲೂ ಹೊಳೆಯುವ ಗೆರೆ ಮೂಡಿದರೆ ಒಳಗೆ ಲೋಹ ಹಿಂಜಿ ತೆಳುವಾಗಿರಬಹುದು ಎಂಬ ಎಚ್ಚರಿಕೆ. ತುದಿ ಬಾಗಿಸಿದ ತಂತಿಯನ್ನು ಒಳಗೆ ಆಡಿಸಿ ನೋಡುತ್ತಾರೆ. ಅದು ತಗ್ಗಿಗೆ ಸಿಕ್ಕಿಕೊಂಡಿತೋ, ಇನ್ಯಾರೂ ಮರೆತು ತುಂಬದಿರಲೆಂದು ಇಕ್ಕಳದಿಂದ ಬಾಯಿ ಚಪ್ಪಟೆಮಾಡಿ ಗುಜರಿ ಡಬ್ಬಕ್ಕೆ ಹಾಕುತ್ತಾರೆ.