ಮೀನೇ ಕಚ್ಚದ ದಿನ ಗೆಲ್ಲೋದು ಹೆಂಗ? ಕಾಲುವೆ ದಂಡಿ ಮ್ಯಾಲಿನ ಐದು ಗಂಟೆ, ಒಂದು ಅಂಕದ ಲೆಕ್ಕ

(ಪಾಡ್‌ಕಾಸ್ಟ್‌ನ ಬರಹ ರೂಪ)

ಇಯರ್‌ಫೋನ್ ಹಾಕ್ಕೊಂಡ್ರಿ? ಸೇಡಂ ಬಸ್ಸಿನ್ಯಾಗ ಕೂತು ಕೇಳ್ತಿರೋರು ವಾಲ್ಯೂಮ್ ಸ್ವಲ್ಪ ಜಾಸ್ತಿ ಮಾಡ್ಕೊಳ್ರಿ. ಇವತ್ತಿನ ವಿಷಯ ಗಾಳದ ಮೀನು ಬೇಟೆ. ಅದೂ ಪೈಪೋಟಿಯ ಬೇಟೆ. ಮೊದಲೇ ಹೇಳಿಬಿಡ್ತೀನಿ, ಈ ಕಥೆಯಲ್ಲಿ ನಾನು ಹಿಡಿದ ಮೀನು ಸೊನ್ನೆ.

ಕಳೆದ ಜನವರಿಯಲ್ಲಿ ನಾವು ಆರು ಮಂದಿ ಗೆಳೆಯರು ಸೇರಿದ್ವಿ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ, ಎಲ್ಲಾ ಕಡೆಯವರೂ ಇದ್ರು. ಜಾಗ ಬೆಣ್ಣೆತೊರಾ ಜಲಾಶಯದಿಂದ ಬರೋ ಕಾಲುವೆ. ಮೂರು ಮಂದಿಗೆ ಒಂದು ತಂಡ, ಎರಡು ತಂಡ. ಬೆಳಗ್ಗೆ 8ರಿಂದ ಮಧ್ಯಾಹ್ನ 1ರ ತನಕ ಆಟ. ಅಲ್ಲಿ ಬಲೆ ಹಾಕುವ ಕಾಕಾ ಒಬ್ಬರನ್ನ ಮೊದಲೇ ಕೇಳಿದ್ವಿ. ಅವರದು ಒಂದೇ ಷರತ್ತು: ದೊಡ್ಡ ಮೀನು ಸಿಕ್ಕರೆ ಅವರಿಗೆ ಕೊಡಬೇಕು, ಸಣ್ಣವನ್ನ ಜೀವಂತ ನೀರಿಗೆ ಬಿಡಬೇಕು.

ಆಟದ ನಿಯಮ ಏನು?

ಇಂಗ್ಲೆಂಡಿನಲ್ಲಿ ಇದು ದೊಡ್ಡ ಆಟ. ಹಳೇ ಸರಕು ಸಾಗಣೆ ಕಾಲುವೆಗಳ ದಂಡಿ ಮೇಲೆ ನಂಬರ್ ಹಾಕಿದ ಜಾಗ ಇರ್ತಾವೆ. ಬೆಳಗ್ಗೆ ಚೀಟಿ ಎತ್ತಬೇಕು, ಬಂದ ನಂಬರಿನ ಜಾಗದಲ್ಲೇ ಕೂಡಬೇಕು. ಸೀಟಿ ಊದಿದ ಮೇಲೆ ಜಾಗ ಬಿಟ್ಟು ಏಳಂಗಿಲ್ಲ. ಹಿಡಿದ ಮೀನು ನೀರಲ್ಲೇ ಇಳಿಬಿಟ್ಟ ಉದ್ದನೆಯ ಜಾಲರಿ ಚೀಲದಲ್ಲಿ ಜೀವಂತ ಇರ್ತದೆ. ಕೊನೆಗೆ ತೂಕ ಮಾಡಿ ವಾಪಸ್ ನೀರಿಗೇ ಬಿಡ್ತಾರೆ.

ನನ್ನಂಥ ಬಿ.ಕಾಂ ಮಂದಿಗೆ ಹಿಡಿಸೋದು ಇದರ ಅಂಕದ ಲೆಕ್ಕ. ತಂಡದ ಪಂದ್ಯದಲ್ಲಿ ಸಾಮಾನ್ಯವಾಗಿ ಒಟ್ಟು ತೂಕ ಕೂಡಿಸೋದಿಲ್ಲ. ಪ್ರತಿಯೊಬ್ಬರ ಸ್ಥಾನ ಕೂಡಿಸ್ತಾರೆ. ಮೊದಲು ಬಂದವರಿಗೆ 1, ಎರಡನೆಯವರಿಗೆ 2, ಹಿಂಗ. ಕಡಿಮೆ ಅಂಕ ಬಂದ ತಂಡ ಗೆದ್ದಂಗ. ಸಿಹಿನೀರಿನ ಗಾಳದ ವಿಶ್ವ ಚಾಂಪಿಯನ್‌ಶಿಪ್‌ನಲ್ಲೂ ಇದೇ ಲೆಕ್ಕ: ಐದು ಮಂದಿಯ ತಂಡ, ಎರಡು ದಿನದ ಪಂದ್ಯ, ಸ್ಥಾನದ ಅಂಕ. ಇಂಗ್ಲೆಂಡಿನ ಅಲನ್ ಸ್ಕಾಟ್‌ಥಾರ್ನ್ ಈ ಪಟ್ಟವನ್ನ ಐದು ಸಲ ಗೆದ್ದವರು: 1996, 1997, 1998, 2003 ಮತ್ತು 2007ರಲ್ಲಿ. ಅಂದ್ರ ಇದು ಬರೀ ಅದೃಷ್ಟದ ಆಟ ಅಲ್ಲ.

ಮೀನು ಯಾಕೆ ಕಚ್ಚಲಿಲ್ಲ?

ನನಗೆ ಬಂದ ಚೀಟಿ 5. ಪೂರಾ ಬಿಸಿಲು, ನೆರಳಿಲ್ಲ. 2ನೇ ನಂಬರಿನ ಗೆಳೆಯ ಸಣ್ಣ ಸೇತುವೆ ಪಕ್ಕಕ್ಕೆ ಕೂತ. ಆ ದಿನ ಗೇಟು ಮುಚ್ಚಿತ್ತು, ನೀರು ನಿಂತಿತ್ತು. ತಳದ ಕಲ್ಲು ಕಾಣೋವಷ್ಟು ತಿಳಿ.

ಮೀನು ಶೀತರಕ್ತ ಪ್ರಾಣಿ. ನೀರು ತಣ್ಣಗಾದ್ರೆ ಅದರ ಮೈಯೂ ತಣ್ಣಗಾಗ್ತದೆ, ತಿಂದದ್ದು ಅರಗೋದು ತಡ ಆಗ್ತದೆ. ನಮ್ಮ ಕಟ್ಲಾ, ರೋಹು ಬೆಚ್ಚಗಿನ ನೀರಿನ ಮೀನುಗಳು, ಚಳಿಯಲ್ಲಿ ಅವಕ್ಕೆ ಹಸಿವು ಕಡಿಮೆ. ಹರಿಯೋ ನೀರು ಮೀನಿನ ಬಾಯಿಗೆ ತಿಂಡಿ ತರ್ತದೆ, ನಿಂತ ನೀರು ತರೋದಿಲ್ಲ. ತಿಳಿನೀರಲ್ಲಿ ಮೀನಿಗೆ ದಾರ ಕಾಣ್ತದೆ, ದಂಡಿ ಮೇಲೆ ನಮ್ಮ ನೆರಳೂ ಕಾಣ್ತದೆ. ಹಂಗಾಗಿ ಅದು ಸೇತುವೆ ಕೆಳಗೋ ಆಚೆ ದಂಡಿಯ ಹುಲ್ಲಿನ ಬುಡದಲ್ಲೋ ಅಡಗ್ತದೆ.

ಬ್ಯಾಸಗಿಯಲ್ಲಿ ತೊಂದರೆ ಬೇರೆ. 20 ಡಿಗ್ರಿಯ ಒಂದು ಲೀಟರ್ ನೀರು ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಳ್ಳಬಲ್ಲದು. 30 ಡಿಗ್ರಿಗೆ ಅದು ಸುಮಾರು ಏಳೂವರೆಗೆ ಇಳಿಯುತ್ತೆ. ಪಾಚಿ ತುಂಬಿದ ನೀರಲ್ಲಿ ಬೆಳಗಿನ ಜಾವ ಇನ್ನೂ ಕಡಿಮೆ, ಯಾಕಂದ್ರ ರಾತ್ರಿಯೆಲ್ಲಾ ಪಾಚಿಯೂ ಉಸಿರಾಡ್ತದೆ. ಮೀನಿಗೆ ಉಸಿರೇ ಸಾಲದಾಗ ಊಟ ಯಾರಿಗೆ ಬೇಕು?

ನಾನು ಮಾಡಿದ ತಪ್ಪು

ನನ್ನ ತಲೆಯಲ್ಲಿ ಇದ್ದದ್ದು ರೋಹು. ದೊಡ್ಡ ಗಾಳ, ದಪ್ಪ ದಾರ, ನಿಂಬೆಹಣ್ಣಿನಷ್ಟು ಹಿಟ್ಟಿನ ಉಂಡಿ. ಮೊದಲ ಅರ್ಧ ತಾಸಿನಲ್ಲೇ ತಂದಿದ್ದ ಹಿಟ್ಟಿನಲ್ಲಿ ಅರ್ಧ ನೀರಿಗೆ ಎರಚಿದೆ. ಹಸಿವಿಲ್ಲದ ನಾಲ್ಕು ಮೀನಿನ ಮುಂದೆ ಮದುವೆ ಊಟ ಬಡಿಸಿದಂಗ ಆಯ್ತು. ಬೆಂಡು ಅಲ್ಲಾಡಲೇ ಇಲ್ಲ.

ಕಾಲುವೆ ಪಂದ್ಯದಲ್ಲಿ ಪಳಗಿದವರು ಇಂಥ ದಿನ ಪೂರಾ ಉಲ್ಟಾ ಮಾಡ್ತಾರೆ. ಮೊದಲು ದಾರಕ್ಕೆ ಭಾರ ಕಟ್ಟಿ ಆಳ ಅಳೀತಾರೆ. ಕೂದಲಿನಷ್ಟು ತೆಳು ದಾರ, ಅಕ್ಕಿಕಾಳಿನಷ್ಟು ಗಾಳ, ಒಂದು ಚಿಟಿಕೆ ತಿಂಡಿ. ಹನ್ನೆರಡು-ಹದಿಮೂರು ಮೀಟರ್ ಉದ್ದದ ಕೋಲಿನಿಂದ ಆಚೆ ದಂಡಿಯ ಬುಡಕ್ಕೇ ಬಿಡ್ತಾರೆ. ಮೊದಲು ಒಂದು ಸಣ್ಣ ಮೀನಾದ್ರೂ ಚೀಲಕ್ಕೆ ಬೀಳಲಿ, ದೊಡ್ಡದರ ಆಸೆ ಆಮೇಲೆ.

ಸುಮಾರು 12ಕ್ಕೆ ಕಾಕಾ ಸೈಕಲ್ ಮೇಲೆ ಬಂದ್ರು. ನನ್ನ ಖಾಲಿ ಚೀಲ ನೋಡಿ ಅಂದ್ರು, "ತಮ್ಮಾ, ನೀರ ನಿಂತದ. ಸಣ್ಣ ಗಾಳ ಹಾಕು, ಎರೆಹುಳದ ತುಣುಕು ಚುಚ್ಚು, ಆ ದಂಡಿ ಹುಲ್ಲಿಗೆ ಬಿಡು." ನಾನು, "ಇರ್ಲಿ ಕಾಕಾ, ದೊಡ್ಡದು ಬರ್ತದ" ಅಂದೆ. ಬರಲಿಲ್ಲ.

ಒಂದು ಅಂಕ

1 ಗಂಟೆಗೆ ತೂಕ ಆಯ್ತು. ನಮ್ಮ ತಂಡದ ಮೊದಲಿನವನಿಗೆ ಒಂದು ಕೊರಮೀನು, ಜೊತೆಗೆ ನಾಲ್ಕು ಜಿಲೇಬಿ: 1 ಕಿಲೋ 100 ಗ್ರಾಂ, ಮೊದಲ ಸ್ಥಾನ. ಎರಡನೆಯವನದು 180 ಗ್ರಾಂ, ನಾಲ್ಕನೇ ಸ್ಥಾನ. ನಂದು ಸೊನ್ನೆ, ಆರನೇ ಸ್ಥಾನ. ಎದುರು ತಂಡದ್ದು 420, 350 ಮತ್ತು 30 ಗ್ರಾಂ: ಎರಡು, ಮೂರು, ಐದನೇ ಸ್ಥಾನ.

ಈಗ ಕೂಡಿಸ್ರಿ. ತೂಕದಲ್ಲಿ ನಾವು 1,280 ಗ್ರಾಂ, ಅವರು 800. ಅಂಕದಲ್ಲಿ ನಾವು 11, ಅವರು 10. ಒಂದು ಅಂಕಕ್ಕೆ ಸೋತ್ವಿ. ಹೆಬ್ಬೆರಳಿನಷ್ಟು, 40 ಗ್ರಾಮಿನ ಒಂದೇ ಒಂದು ಮೀನು ನನ್ನ ಚೀಲದಲ್ಲಿದ್ದಿದ್ರೆ ನಾನು ಐದನೆಯವ, ನಾವು 10, ಅವರು 11. ಕೊರಮೀನು ಹಿಡಿದ ಗೆಳೆಯ ಮರುದಿನ ಕೆಲಸಕ್ಕಂತ ಹೈದರಾಬಾದ್ ಬಸ್ ಹತ್ತೋನಿದ್ದ. ಅವನಿಗೆ ಗೆದ್ದು ಹೋಗೋ ಆಸೆ ಇತ್ತು. ನನಗೇನೂ ಅನ್ನಲಿಲ್ಲ. ಬೈದಿದ್ರೆ ಚಲೋ ಇತ್ತು.

ಕೊರಮೀನನ್ನ ಕಾಕಾನ ಕೈಗೆ ಕೊಟ್ವಿ. ಅವರ ಬಲೆಗೂ ಆ ದಿನ ಸರಿಯಾಗಿ ಬಿದ್ದಿರಲಿಲ್ಲ. ನಮಗೆ ಹೋದದ್ದು ಒಂದು ಅಂಕ, ಅವರಿಗೆ ಮನೆಯ ದಿನದ ಖರ್ಚು. ನನ್ನ ಮಾರಿ ನೋಡಿ ಅಂದ್ರು: "ದಿನಾ ಒಂದನೇ ನಂಬರ್ ಯಾರೂ ಬರಾಂಗಿಲ್ಲ ತಮ್ಮಾ. ಖಾಲಿ ಕೈಲೆ ಮನಿಗೆ ಹೋಗಬಾರದು, ಅಷ್ಟೇ ನೋಡ್ಕೊಬೇಕು."

ವಿಶ್ವ ಚಾಂಪಿಯನ್‌ಶಿಪ್‌ನ ಅಂಕಪಟ್ಟಿಯಲ್ಲಿ ಇರೋದೂ ಇದೇ ಮಾತು.

ನೀವೂ ಹೋಗೋರಿದ್ರೆ

ಆ ನೀರಲ್ಲಿ ಮೀನಿನ ಹಕ್ಕು ಯಾರದು ಅಂತ ಮೊದಲು ಕೇಳ್ರಿ. ಕೆರೆ, ಜಲಾಶಯಗಳಿಗೆ ಗುತ್ತಿಗೆ ಅಥವಾ ಲೈಸೆನ್ಸ್ ಇರ್ತದೆ. ಚಿಂಚೋಳಿ ವನ್ಯಜೀವಿ ಧಾಮದ ಒಳಗೆ ಗಾಳ ಹಿಡ್ಕೊಂಡು ಹೋಗಬ್ಯಾಡ್ರಿ. ಮಳೆಗಾಲ ಕಟ್ಲಾ, ರೋಹು ಮೊಟ್ಟೆ ಇಡೋ ಕಾಲ, ಆಗ ಬಿಟ್ಟುಬಿಡ್ರಿ. ಶಹಾಬಾದ್, ವಾಡಿ ಕಡೆ ನೀರು ತುಂಬಿದ ಪರ್ಸಿ ಕಲ್ಲಿನ ಗಣಿಗಳು ನೋಡಲಿಕ್ಕೆ ಚಂದ, ಆದ್ರೆ ದಂಡಿಯಿಂದ ಒಂದು ಹೆಜ್ಜೆಗೇ ಆಳ. ಸಿಮೆಂಟ್ ಕಾಲುವೆಯ ಇಳಿಜಾರು ಪಾಚಿ ಹಿಡಿದು ಜಾರ್ತದೆ, ಜಾರಿದವರಿಗೆ ಹತ್ತಿ ಬರಲಿಕ್ಕೆ ಹಿಡಿತ ಸಿಗೋದಿಲ್ಲ. ಒಬ್ಬರೇ ಹೋಗಬ್ಯಾಡ್ರಿ, ಒಂದು ಹಗ್ಗ ಜೊತೆಗಿರಲಿ.

ಹೈದರಾಬಾದಿನ ಗೆಳೆಯ ಯುಗಾದಿಗೆ ಬರ್ತಾನಂತೆ. ನಾನು ಈಗಾಗಲೇ ಸಣ್ಣ ಗಾಳದ ಒಂದು ಪಾಕೀಟು ತಂದಿಟ್ಟೀನಿ. ಮುಂದಿನ ಎಪಿಸೋಡ್‌ನ್ಯಾಗ ಸಿಗೋಣ್ರಿ.