ರೈಲು ರದ್ದಾದ್ರೆ ಸೈಕಲ್ ಗತಿ ಏನು?

ರೈಲು ರದ್ದಾಗಿ ಬಸ್ ಹತ್ತಬೇಕಾದಾಗ ಜೊತೆಗಿರೋ ಸೈಕಲ್ ಏನು ಮಾಡೋದು? ಇವತ್ತು ಅದನ್ನೇ ಹೇಳ್ತೀನಿ.

ಹುಕ್ಕೇರಿ, ಮೂಡಲಗಿ ಊರೊಳಗೆ ರೈಲು ನಿಲ್ದಾಣ ಇಲ್ಲ. ಗೋಕಾಕದವರಿಗೆ ಇರೋದು ‘ಗೋಕಾಕ ರೋಡ್’, ಅದೂ ಊರಿಂದ ದೂರ. ಹಾಗಾಗಿ ನಿಲ್ದಾಣ ಮುಟ್ಟೋಕೂ ಸೈಕಲ್ ಬೇಕು, ಇಳಿದ ಊರಲ್ಲಿ ಓಡಾಡೋಕೂ ಬೇಕು.

ರೈಲಲ್ಲಿ ನಿಯಮ ಸ್ಪಷ್ಟ. ಲಗೇಜ್ ಬುಕಿಂಗ್ ಇರೋ ನಿಲ್ದಾಣದಲ್ಲಿ ಕನಿಷ್ಠ ಅರ್ಧ ಗಂಟೆ ಮೊದಲೇ ಸೈಕಲ್ ಒಪ್ಪಿಸಬೇಕು. ಅದು ಬ್ರೇಕ್ ವ್ಯಾನಿನಲ್ಲಿ ಬರ್ತದೆ, ನಿಮ್ಮ ಕೈಯಲ್ಲಿ ರಸೀದಿ ಇರ್ತದೆ.

ಲೋಂಡಾ–ಮಿರಜ್ ಜೋಡಿ ಮಾರ್ಗದ ಕೆಲಸಕ್ಕೆ ಆಗಾಗ ರೈಲುಗಳು ರದ್ದಾಗಿದ್ವು. ರೈಲು ರದ್ದಾದ್ರೆ ಟಿಕೆಟ್ ಹಣ ವಾಪಸ್ ಬರ್ತದೆ. ಆದ್ರೆ ಬಸ್ಸಿಗೆ ಬ್ರೇಕ್ ವ್ಯಾನ್ ಎಲ್ಲಿಂದ ಬರ್ಬೇಕು? ಜಾಗ ಇರ್ಬೇಕು, ಕಂಡಕ್ಟರ್ ಒಪ್ಪಬೇಕು.

ಅದಕ್ಕೆ ನನ್ನ ಸಲಹೆ: ಬಸ್ ಹೊರಡೋ ನಿಲ್ದಾಣದಲ್ಲೇ ಹತ್ತಿ, ಸೀಟು ಹಿಡಿಯೋಕೆ ಮೊದಲು ಕಂಡಕ್ಟರನ್ನ ಕೇಳಿ, ದುಡ್ಡು ಕೊಟ್ರೆ ಲಗೇಜ್ ಟಿಕೆಟ್ ತಗೊಳ್ಳಿ.

2020ರಲ್ಲಿ ಬೆಂಗಳೂರಿನ ಬಿಎಂಟಿಸಿ ಕೆಲವು ಬಸ್ಸುಗಳ ಮುಂಭಾಗಕ್ಕೆ ಸೈಕಲ್ ರ‍್ಯಾಕ್ ಹಾಕಿತ್ತು. ಬಿಕಾಂ ಓದಿದ ನನಗೆ ಲೆಕ್ಕ ಇಷ್ಟೇ: ಘಟಪ್ರಭಾ ನಿಲ್ದಾಣಕ್ಕೆ ಹೋಗೋ ಬಸ್ಸಿಗೂ ಅಂಥದ್ದೊಂದು ಹಾಕಿದ್ರೆ, ರೈಲು ನಿಂತ ದಿನ ಕಾಲೇಜು, ಕೂಲಿ ತಪ್ಪೋದಿಲ್ಲ. ನೀವೇನಂತೀರಿ?