ಬಾಟಲಿಯಲ್ಲಿ ಇರುವೆ, ಜೇಬಿನಲ್ಲಿ ಗುಟ್ಟು!

ಚಾರ್ಲಿ ಚಾಪ್ಲಿನ್ ಬೂಟು ತಿನ್ನೋ ದೃಶ್ಯ ನೋಡಿದ್ದೀರಲ್ಲ? 1925ರಲ್ಲಿ ಬಂದ 'ದಿ ಗೋಲ್ಡ್ ರಷ್' ಚಿತ್ರ. ಹಸಿವು ತಾಳಲಾರದ ಚಾರ್ಲಿ ಬೂಟು ಬೇಯಿಸಿ, ತಟ್ಟೆಗೆ ಬಡಿಸಿಕೊಂಡು, ಲೇಸನ್ನು ಶಾವಿಗೆ ಥರ ಸುತ್ತಿ ಸುತ್ತಿ ಬಾಯಿಗಿಡುತ್ತಾನೆ. ಮೊಳೆಯನ್ನು ಕೋಳಿಮೂಳೆಯಂತೆ ಚೀಪುತ್ತಾನೆ! ಅಸಲಿಗೆ ಆ ಬೂಟು ಚರ್ಮದ್ದಲ್ಲ ಸ್ವಾಮಿ, ಜ್ಯೇಷ್ಠಮಧುವಿನ ಮಿಠಾಯಿ. ಕೆಮ್ಮಿದರೆ ಅಜ್ಜಿ ಅಗಿಯೋಕೆ ಕೊಡ್ತಿದ್ದಳಲ್ಲ, ಅದೇ ಬೇರು!

ಅವನದು ನಟನೆ. ನಾನು ಹೇಳಹೊರಟಿರೋದು ಮನೆಯೊಳಗೆ ಬಾಯಿ ಚಪ್ಪರಿಸಿ ತಿಂದು, ಹೊರಗೆ ಬಂದು 'ಇಡ್ಲಿ ತಿಂದೆ' ಅಂತ ಬಾಯಿ ಒರೆಸಿಕೊಳ್ಳೋ ನಮ್ಮಂಥವರ ಕಥೆ.

ಪಿಯುಸಿಗೆ ಕೈ ಮುಗಿದು ಬೆಂಗಳೂರಿಗೆ ಬಂದ ಹೊಸತು. ಗಾಂಧಿನಗರದ ಹಿಂದಿನ ಗಲ್ಲಿಯಲ್ಲಿ ಒಂದೇ ರೂಮು, ನಾಲ್ಕು ಜನ. ಅದರಲ್ಲೊಬ್ಬ ತೀರ್ಥಹಳ್ಳಿ ಕಡೆಯವನು. ಶೂಟಿಂಗ್‌ನಲ್ಲಿ ಲೈಟ್‌ಬಾಯ್. ಒಂದ್ಸಲ ಊರಿಂದ ಬಂದವನು ಬ್ಯಾಗಿನಿಂದ ಹಾರ್ಲಿಕ್ಸ್ ಬಾಟಲಿ ತೆಗೆದ. ಒಳಗೆ ಕೆಂಪನೆ ಚಟ್ನಿ.

"ಏನೋ ಇದು?" ಅಂದೆ.

"ಚಗಳಿ ಚಟ್ನಿ ಮಾರಾಯ, ಅಮ್ಮ ಮಾಡಿದ್ದು."

ಚಗಳಿ ಅಂದ್ರೆ ಮಾವಿನಮರದಲ್ಲಿ ಎಲೆ ಹೊಲಿದು ಗೂಡು ಕಟ್ಟೋ ಕೆಂಪಿರುವೆ! ಗೂಡನ್ನೇ ಕಿತ್ತು, ಇರುವೆ ಕೊಡವಿ, ಹುರಿದು, ಮೆಣಸು ಬೆಳ್ಳುಳ್ಳಿ ಕಾಯಿತುರಿ ಉಪ್ಪು ಹಾಕಿ ಅರೆದರೆ ಆಯ್ತು. ಇರುವೆ ಮೈಯಲ್ಲೇ ಹುಳಿ ಇರೋದರಿಂದ ಹುಣಸೆಹಣ್ಣಿನ ಹಂಗೇ ಇಲ್ಲ. ಕಚ್ಚಿದಾಗ ಚುರ್ ಅಂತ ಉರಿಸುತ್ತಲ್ಲ, ಅದೇ ಫಾರ್ಮಿಕ್ ಆಮ್ಲ. ಆದರೆ ಕೀಳೋದು ಸುಲಭವಲ್ಲ. ಅವನಮ್ಮನಿಗೆ ಮೊಳಕೈವರೆಗೂ ಕಚ್ಚಿದ್ದವಂತೆ.

ಇಷ್ಟು ಹೇಳಿದ್ದೇ ತಡ, ರೂಮೆಲ್ಲ ನಗು. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನೇ. 'ಇರುವೆ ಹೀರೋ' ಅಂತ ಹೆಸರೂ ಇಟ್ಟೆ. ಅವತ್ತು ರಾತ್ರಿ ಅವನು ಗೋಡೆ ಕಡೆ ತಿರುಗಿ ಕೂತು ಊಟ ಮಾಡಿದ. ಬೆಳಿಗ್ಗೆ ಎದ್ದು ನೋಡಿದರೆ ಬಾಟಲಿ, ಚಟ್ನಿ ಸಮೇತ, ಕಸದ ಬುಟ್ಟಿಯಲ್ಲಿತ್ತು.

ಈಗ ನನ್ನ ಗುಟ್ಟು ಕೇಳಿ. ನಮ್ಮದು ಹಾಸನದ ಕಡೆ ಹಳ್ಳಿ. ಮೊದಲ ಮಳೆ ಬಿದ್ದ ಸಂಜೆ ನೆಲದಿಂದ ಈಸಲು ಹುಳ ಏಳುತ್ತೆ. ರೆಕ್ಕೆ ಬಂದ ಗೆದ್ದಲು ಅಷ್ಟೇ, ಬೇರೇನಲ್ಲ. ಅವ್ವ ಅಗಲದ ಪಾತ್ರೆಗೆ ನೀರು ತುಂಬಿ, ಮೇಲೆ ಲಾಟೀನು ನೇತುಹಾಕೋಳು. ಬೆಳಕಿಗೆ ಬಂದದ್ದೆಲ್ಲ ನೀರಿಗೆ! ಆಮೇಲೆ ಓಡಿನಲ್ಲಿ ಹುರಿದು, ಮೊರದಲ್ಲಿ ಕೇರಿ ರೆಕ್ಕೆ ಹಾರಿಸಿ, ಉಪ್ಪು ಖಾರ ಬೆರೆಸಿ, ಪುರಿ ಹುರಿಗಡಲೆ ಜೊತೆ ಕೊಡೋಳು. ಚಡ್ಡಿ ಜೇಬು ತುಂಬಿಸಿಕೊಂಡು ಭಾನುವಾರ ಸಂಜೆ ಚಂದನದ ಸಿನಿಮಾ ಮುಂದೆ ಕೂತರೆ... ಆಹಾ! ಯಾವ ಪಾಪ್‌ಕಾರ್ನೂ ಬೇಡ. (ಹೆಚ್ಚು ತಿಂದರೆ ಹೊಟ್ಟೆ ಕೆಡುತ್ತೆ, ಅದು ಬೇರೆ ಮಾತು. ಸೀಗಡಿ ತಿಂದರೆ ಮೈ ತುರಿಸೋರು ಇದರ ತಂಟೆಗೇ ಹೋಗಬೇಡಿ.)

ಇಂಥವನು ನಾನು ಇರುವೆ ನೋಡಿ ನಕ್ಕೆ!

ಹುಳವೇ ಆಗಬೇಕಂತೇನಿಲ್ಲ. ಮಲೆನಾಡಿನ ಕಳಲೆ, ಅಂದ್ರೆ ಎಳೆ ಬಿದಿರು, ಹಸಿಯಾಗಿದ್ದರೆ ವಿಷ. ದಿನಾ ನೀರು ಬದಲಿಸಿ ನೆನೆಸಿಟ್ಟರೆ ಪಲ್ಯ. ಕೊಡಗಿನಲ್ಲಿ ಕಕ್ಕಡ ಹದಿನೆಂಟು, ಅಂದ್ರೆ ಆಗಸ್ಟ್ 3ರಂದು, ಮದ್ದುಸೊಪ್ಪಿನ ಪಾಯಸ ಮಾಡ್ತಾರೆ. ಬಣ್ಣ ನೇರಳೆ. ಮಾರನೆಯ ದಿನ ಮೂತ್ರ ಕೆಂಪಗೆ ಹೋಗುತ್ತೆ. ಗೊತ್ತಿಲ್ಲದ ನೆಂಟ ಡಾಕ್ಟರ ಹತ್ತಿರ ಓಡೋದೊಂದೇ ಬಾಕಿ!

2024ರ ಜನವರಿಯಲ್ಲಿ ಒಂದು ಸುದ್ದಿ ಓದಿದೆ. ಒಡಿಶಾದ ಮಯೂರ್‌ಭಂಜ್ ಜಿಲ್ಲೆಯ ಕೆಂಪಿರುವೆ ಚಟ್ನಿಗೆ, ಅದೇ ಸಿಮಿಲಿಪಾಲ್ ಕಾಯಿ ಚಟ್ನಿಗೆ, ಜಿಐ ಟ್ಯಾಗ್ ಸಿಕ್ಕಿತ್ತು. ನಮ್ಮ ಮೈಸೂರು ಮಲ್ಲಿಗೆ, ನಂಜನಗೂಡು ರಸಬಾಳೆಗೆ ಇರೋ ಅದೇ ಮರ್ಯಾದೆ! ಪತ್ರಿಕೆ ಮಡಚಿಟ್ಟು ಗೆಳೆಯನಿಗೆ ಫೋನ್ ಮಾಡಿದೆ. ಸುದ್ದಿ ಹೇಳಿದೆ. ಈಸಲು ಕಥೆಯನ್ನೂ ಹೇಳಿದೆ.

ಸ್ವಲ್ಪ ಹೊತ್ತು ಆ ಕಡೆಯಿಂದ ಸದ್ದೇ ಇಲ್ಲ.

"ಬಾಟಲಿ ಬಿಸಾಕಿದ್ದು ಅಮ್ಮನಿಗೆ ಇವತ್ತಿಗೂ ಹೇಳಿಲ್ಲ ಮಾರಾಯ" ಅಂದ. "ಖಾಲಿ ಆಯ್ತು, ಎಲ್ರೂ ತಿಂದ್ರು ಅಂತ ಹೇಳಿದ್ದೆ. ನಿನ್ನ ಹೆಸರು ಹೇಳಿ ಇನ್ನೊಂದ್ಸಲ ಮಾಡಿ ಕಳಿಸಿದ್ಲು."

ಮುಂದಿನ ಮೊದಲ ಮಳೆಗೆ ನಮ್ಮೂರಿಗೆ ಬಾ ಅಂತ ಕರೆದೆ. ಬರ್ತೀನಿ ಅಂದ. ಲಾಟೀನು ಎಲ್ಲಿದೆಯೋ ಹುಡುಕಿಡು ಅಂತ ಅವ್ವನಿಗೆ ಹೇಳಿದೆ.